ನೀವು ಪುಕ್ಕಲರಲ್ಲ

"ಸಂಪಾದಕರೇ, ನಮ್ಮಪ್ಪ ಗಾರೆ ಕೆಲಸದವರು. ನಾನು ಸ್ಕಾಲರ್‌ಶಿಪ್ ಮೇಲೆ ಓದಿ ಈಗ ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದೇನೆ. ಸಂಬಳಕ್ಕೆ ಕೊರತೆ ಇಲ್ಲ. ಆದರೂ ಮೀಟಿಂಗ್‌ನಲ್ಲಿ ಬಾಯಿ ಬರುವುದಿಲ್ಲ. ನಿನ್ನೆ ಮೊನ್ನೆ ಸೇರಿದವರು, ಅನುಕೂಲಸ್ಥರ ಮನೆಯ ಮಕ್ಕಳು, ವಿಷಯ ಅರ್ಧ ಗೊತ್ತಿದ್ದರೂ ಧಾರಾಳವಾಗಿ ಮಾತಾಡುತ್ತಾರೆ. ನನ್ನ ಸ್ವಭಾವವೇ ಪುಕ್ಕಲು ಅಂತ ಕಾಣುತ್ತದೆ. ದುಡ್ಡು ಬಂದರೂ ವರ್ಗ ಯಾಕೆ ಬದಲಾಗುವುದಿಲ್ಲ? ಅಪ್ಪನ ಮನೆಗೆ ಹೋದರೆ ಅಲ್ಲೂ ನಾನು ಹೊರಗಿನವಳೇ. ಈಗ ನನ್ನ ಮಗಳು ಸ್ನೇಹಿತೆಯರ ಮುಂದೆ ತಾತನ ಮಾತಿಗೆ ನಾಚಿಕೊಳ್ಳುತ್ತಾಳೆ. ಏನು ಮಾಡಲಿ?"
— ಹೆಸರು ಬೇಡ ಎಂದಿರುವ ಓದುಗರು

ನಮಸ್ಕಾರ. ನಿಮ್ಮ ಪತ್ರದಲ್ಲಿ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ನೀವು ಪುಕ್ಕಲರಲ್ಲ. ಮನೆಯಲ್ಲಿ ದಾರಿ ಹೇಳುವವರು ಒಬ್ಬರೂ ಇಲ್ಲದಾಗ ತಾನೇ ಅರ್ಜಿ ತುಂಬಿ, ತಾನೇ ಇಂಟರ್‌ವ್ಯೂಗೆ ಹೋಗಿ, ಗೊತ್ತಿಲ್ಲದ ಜನರ ನಡುವೆ ಕೆಲಸ ಕಲಿತವರನ್ನು ಪುಕ್ಕಲು ಅನ್ನಲು ಆಗುತ್ತದಾ?

ಹಾಗಾದರೆ ಮೀಟಿಂಗ್‌ನಲ್ಲಿ ಬಾಯಿ ಕಟ್ಟುವುದು ಯಾಕೆ? ಅಮೆರಿಕದ ಸಮಾಜಶಾಸ್ತ್ರಜ್ಞೆ ಅನೆಟ್ ಲಾರೋ 1990ರ ದಶಕದಲ್ಲಿ ಹನ್ನೆರಡು ಕುಟುಂಬಗಳ ದಿನನಿತ್ಯದ ಬದುಕನ್ನು ಹತ್ತಿರದಿಂದ ಗಮನಿಸಿದರು. ಎಲ್ಲ ಮನೆಗಳಲ್ಲೂ ಒಂಬತ್ತು ಹತ್ತು ವರ್ಷದ ಮಕ್ಕಳಿದ್ದರು. ಅನುಕೂಲಸ್ಥ ಮನೆಯ ಒಬ್ಬ ತಾಯಿ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೇಳುತ್ತಾಳೆ: ಡಾಕ್ಟರಿಗೆ ಏನು ಕೇಳಬೇಕು ಯೋಚಿಸಿಟ್ಟುಕೋ, ನಾಚಿಕೊಳ್ಳಬೇಡ, ಏನು ಬೇಕಾದರೂ ಕೇಳಬಹುದು. ಹುಡುಗ ಹೋಗಿ ಕೇಳಿಯೂ ಬಿಡುತ್ತಾನೆ. ಡಾಕ್ಟರ ಮಾತಿನ ನಡುವೆ ಬಾಯಿ ಹಾಕುತ್ತಾನೆ, ಅವರು ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ. ಬಡ ಮತ್ತು ಕಾರ್ಮಿಕ ಕುಟುಂಬಗಳಲ್ಲಿ ಚಿತ್ರವೇ ಬೇರೆ. ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ತಾಯಿ ಡಾಕ್ಟರ ಮುಂದೆ, ಟೀಚರ ಮುಂದೆ ದನಿ ತಗ್ಗಿಸುತ್ತಾಳೆ. ಮಗು ಅದನ್ನು ನೋಡುತ್ತಾ ಇರುತ್ತದೆ.

ಆ ಹುಡುಗ ಆವತ್ತು ಕಲಿತದ್ದು ಏನು? ದೊಡ್ಡ ಸ್ಥಾನದಲ್ಲಿ ಕೂತವರು ನನ್ನ ಮಾತು ಕೇಳಲೇಬೇಕು ಅನ್ನುವುದನ್ನು. ನಿಮ್ಮ ಕಿರಿಯ ಸಹೋದ್ಯೋಗಿಗಳ ಧೈರ್ಯದ ಬೇರು ಅಲ್ಲಿದೆ. ಅದು ಹುಟ್ಟುಗುಣ ಅಲ್ಲ, ಜಾಣತನವೂ ಅಲ್ಲ, ಇಪ್ಪತ್ತು ವರ್ಷದ ಅಭ್ಯಾಸ.

ಲಾರೋ ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಕಾರ್ಮಿಕರ ಮಕ್ಕಳು ದೊಡ್ಡವರ ಸಹಾಯ ಇಲ್ಲದೆ ತಮ್ಮ ಆಟ ತಾವೇ ಕಟ್ಟಿಕೊಳ್ಳುತ್ತಿದ್ದರು. ಬಂಧುಬಳಗದ ಮಕ್ಕಳ ಜೊತೆ ಜಾಸ್ತಿ ಹೊಂದಿಕೊಂಡಿದ್ದರು. ಹಠ, ಗೊಣಗಾಟ ಕಡಿಮೆ. ಒಳ್ಳೆಯ ಗುಣಗಳೇ, ಅಲ್ವಾ? ಆದರೆ ಶಾಲೆಯಾಗಲಿ ಆಫೀಸಾಗಲಿ ಇವಕ್ಕೆ ಅಂಕ ಕೊಡುವುದಿಲ್ಲ. ಯಾವ ಗುಣಕ್ಕೆ ಬೆಲೆ ಅಂತ ತೀರ್ಮಾನಿಸುವವರು ಯಾರು? ಆ ಕುರ್ಚಿಗಳಲ್ಲಿ ಮೊದಲೇ ಕೂತಿರುವವರು. ವರ್ಗದ ನಿಜವಾದ ಅಧಿಕಾರ ಇದೇ ಅಂತ ನನ್ನ ಅಭಿಪ್ರಾಯ.

ನಿಮ್ಮ ಅಪ್ಪನ ಜಾಗದಲ್ಲಿ ನಿಂತು ನೋಡಿ. ಮೇಸ್ತ್ರಿಗೆ ಎದುರು ಮಾತಾಡಿದರೆ ನಾಳೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಮನೆ ನಡೆಯುವುದಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ವಿವೇಕ. ಆ ವಿವೇಕವೇ ನಿಮ್ಮನ್ನು ಓದಿಸಿದ್ದು. ಅನುಕೂಲಸ್ಥರ ಮನೆಯ ಮಕ್ಕಳಿಗೆ ಇಂಥ ಲೆಕ್ಕಾಚಾರ ಬೇಕಾಗಿಲ್ಲ. ಕೆಲಸ ಹೋದರೂ ಆರು ತಿಂಗಳು ಮನೆಯಲ್ಲಿ ಕೂರಬಹುದು, ಪರಿಚಯದವರು ಇನ್ನೊಂದು ಕಡೆ ಸೇರಿಸುತ್ತಾರೆ. ತಪ್ಪು ಮಾತಾಡಿದರೂ ನಷ್ಟವಿಲ್ಲ ಅನ್ನುವವರು ಧಾರಾಳವಾಗಿ ಮಾತಾಡದೆ ಇನ್ನೇನು ಮಾಡುತ್ತಾರೆ! ಮ್ಯಾನೇಜರ್ ಆದ ಮೇಲೂ ನಿಮ್ಮ ಮೈ ಮಾತ್ರ ಹಳೆಯ ಲೆಕ್ಕವನ್ನೇ ಹಾಕುತ್ತಿದೆ.

ದುಡ್ಡು ಬಂದರೂ ವರ್ಗ ಯಾಕೆ ಬದಲಾಗುವುದಿಲ್ಲ ಅಂತ ಕೇಳಿದ್ದೀರಿ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯು ನನಗೆ ಮುಖ್ಯ. 1930ರಲ್ಲಿ ಹಳ್ಳಿಯ ಒಬ್ಬ ಅಂಚೆ ನೌಕರನ ಮಗನಾಗಿ ಹುಟ್ಟಿ, ಮುಂದೆ ಆ ದೇಶದ ಅತಿ ಪ್ರತಿಷ್ಠಿತ ವಿದ್ಯಾಸಂಸ್ಥೆಯೊಂದರಲ್ಲಿ ಪ್ರೊಫೆಸರ್ ಆದವರು ಅವರು. ಹಣ ಒಂದು ಬಗೆಯ ಬಂಡವಾಳ ಮಾತ್ರ ಅನ್ನುತ್ತಾರೆ. ಮಾತಿನ ಧಾಟಿ, ಅಭಿರುಚಿ, ಕೂರುವ ನಿಲ್ಲುವ ರೀತಿ ಇನ್ನೊಂದು ಬಂಡವಾಳ. ಯಾರು ಯಾರಿಗೆ ಗೊತ್ತು ಅನ್ನುವುದು ಮತ್ತೊಂದು. ಸಂಬಳ ಹತ್ತೇ ವರ್ಷದಲ್ಲಿ ಏರಬಹುದು. ಉಳಿದೆರಡು ಚಿಕ್ಕಂದಿನಿಂದ ನಿಧಾನವಾಗಿ ಕೂಡಿಬರುವಂಥವು. ಎರಡು ಲೋಕಗಳ ನಡುವೆ ಸೀಳಿಹೋದ ಮನಸ್ಸಿನ ಬಗ್ಗೆಯೂ ಅವರು ಬರೆದಿದ್ದಾರೆ, ಅದು ತಮ್ಮದೇ ಅನುಭವ ಅಂತ ಹೇಳಿಕೊಂಡೇ. ಆಫೀಸಿನಲ್ಲೂ ಅಪ್ಪನ ಮನೆಯಲ್ಲೂ ಹೊರಗಿನವಳು ಅನ್ನಿಸುವ ನಿಮ್ಮ ಸಂಕಟ ನಿಮ್ಮೊಬ್ಬರದೇ ಅಲ್ಲ.

ಇದೆಲ್ಲ ಬರೀ ಮನಸ್ಸಿನ ಮಾತು ಅಂತ ಯಾರಾದರೂ ಅಂದರೆ ನಂಬಬೇಡಿ. ಬ್ರಿಟನ್ನಿನಲ್ಲಿ ಸ್ಯಾಮ್ ಫ್ರೀಡ್‌ಮನ್ ಮತ್ತು ಡೇನಿಯಲ್ ಲಾರಿಸನ್ ಎಂಬ ಸಂಶೋಧಕರು ದೊಡ್ಡ ಹುದ್ದೆಗಳಲ್ಲಿ ಇರುವವರ ಸಂಬಳ ಹೋಲಿಸಿ ನೋಡಿದರು. ಕಾರ್ಮಿಕ ಕುಟುಂಬದಿಂದ ಬಂದವರಿಗೆ ಅನುಕೂಲಸ್ಥ ಮನೆಯಿಂದ ಬಂದವರಿಗಿಂತ ಸುಮಾರು ಶೇ. 16ರಷ್ಟು ಕಡಿಮೆ ಸಿಗುತ್ತಿತ್ತು.

ಜೀವಕ್ಕೇ ಮುಟ್ಟುವ ಲೆಕ್ಕವೂ ಇದೆ. ಅದೇ ದೇಶದಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಹದಿನೇಳು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿತು. ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸರ್ಕಾರಿ ಚಿಕಿತ್ಸೆ. ಯಾರೂ ಕಡುಬಡವರಲ್ಲ. ಆದರೂ ಕಾಗದಪತ್ರ ಹಂಚುವ, ಬಾಗಿಲು ಕಾಯುವ ಕೆಳಗಿನ ದರ್ಜೆಯವರಲ್ಲಿ ಸಾವಿನ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ದರ್ಜೆ ಇಳಿದಷ್ಟೂ ಅಪಾಯ ಜಾಸ್ತಿ. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಮುಂದಾಳತ್ವದಲ್ಲಿ ಎರಡನೇ ಸುತ್ತು ಶುರುವಾಯಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದ್ರೋಗ ಹೆಚ್ಚು ಅನ್ನುವುದು ಆಗ ಕಂಡಿತು. ಯಾವಾಗ ಏಳಬೇಕು, ಹೇಗೆ ಮಾಡಬೇಕು, ಎಲ್ಲವನ್ನೂ ಬೇರೆಯವರೇ ಹೇಳುವ ಬದುಕು ಮೈಯನ್ನೂ ತಿನ್ನುತ್ತದೆ.

ಇನ್ನು ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ದಯವಿಟ್ಟು ತಾತನ ಮಾತು ತಿದ್ದಲು ಹೋಗಬೇಡಿ. ಮಗಳನ್ನು ಗದರಿಸಿದರೂ ಉಪಯೋಗ ಇಲ್ಲ. ಆ ನಾಚಿಕೆಯನ್ನು ಅವಳು ಹುಟ್ಟಿಸಿಕೊಂಡಿಲ್ಲ, ಸುತ್ತಲಿನವರಿಂದ ಕಲಿತಿದ್ದಾಳೆ. ಫೋನಿನಲ್ಲಿ ಅಪ್ಪನ ಜೊತೆ ಮಾತಾಡುವಾಗ ಯಾರಾದರೂ ಬಂದರೆ ನೀವು ದನಿ ಬದಲಿಸುತ್ತೀರಾ? ಮಕ್ಕಳು ಇಂಥದ್ದನ್ನು ಬೇಗ ಗುರುತಿಸುತ್ತಾರೆ. ಬೇರೆಯವರ ಮುಂದೆಯೂ ಅಪ್ಪನ ಜೊತೆ ಅಪ್ಪನ ಮಾತಿನಲ್ಲೇ ಮಾತಾಡಿ. ತಾತ ಯಾವ ಯಾವ ಕಟ್ಟಡಕ್ಕೆ ಕೆಲಸ ಮಾಡಿದರು, ಗೋಡೆ ನೆಟ್ಟಗಿದೆಯಾ ಅಂತ ತೂಕದ ಗುಂಡು ಇಳಿಬಿಟ್ಟು ನೋಡುವುದು ಹೇಗೆ, ಅವರಿಂದಲೇ ಹೇಳಿಸಿ. ಅದು ಕರುಣೆಯ ಕಥೆ ಆಗಬಾರದು. ಕಸುಬಿನ ಪಾಠದ ಹಾಗೆ ಇರಲಿ. ಜೊತೆಗೆ ಡಾಕ್ಟರ ಹತ್ತಿರ ಹೋದಾಗ ಅವಳೇ ಪ್ರಶ್ನೆ ಕೇಳಲಿ. ಎರಡೂ ಅವಳಿಗೆ ಬೇಕು.

ನೀವು ಕೇಳದ ಒಂದು ಮಾತು ಉಳಿದಿದೆ. ನೀವೀಗ ಮ್ಯಾನೇಜರ್. ಯಾರಿಗೆ ಬಡ್ತಿ, ಯಾರಿಗೆ ಒಳ್ಳೆಯ ಪ್ರಾಜೆಕ್ಟ್ ಅನ್ನುವುದರಲ್ಲಿ ನಿಮ್ಮ ಮಾತೂ ನಡೆಯುತ್ತದೆ. ನಿಮ್ಮ ತಂಡದಲ್ಲೂ ಮೀಟಿಂಗ್‌ನಲ್ಲಿ ಬಾಯಿ ಬಿಡದವರು ಇದ್ದೇ ಇರುತ್ತಾರೆ. ಚರ್ಚೆಯ ವಿಷಯವನ್ನು ಎಲ್ಲರಿಗೂ ಹಿಂದಿನ ದಿನವೇ ಕಳಿಸಿ. ಮೀಟಿಂಗ್‌ನಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿ, ನಡುವೆ ಬಾಯಿ ಹಾಕುವವರನ್ನು ತಡೆಯಿರಿ. ವರ್ಷದ ಕೊನೆಯ ವರದಿಯಲ್ಲಿ ಯಾರಿಗಾದರೂ "ಆತ್ಮವಿಶ್ವಾಸ ಸಾಲದು" ಅಂತ ಬರೆಯುವ ಮೊದಲು ಅವರು ಮಾಡಿದ ಕೆಲಸವನ್ನು ತೆಗೆದು ನೋಡಿ.