ಕ್ರಾಂಪಸ್ ಕೈಗೆ ಪುಸ್ತಕ ಕೊಟ್ಟಾಗ

ಡಿಸೆಂಬರ್ ಬಂತು ಅಂದರೆ ಯುರೋಪಿನಲ್ಲಿರುವ ನಮ್ಮ ಹುಡುಗ ಹುಡುಗಿಯರಿಂದ ಈಚೆಗೆ ಒಂದೇ ಥರದ ಮೆಸೇಜು ಬರುತ್ತಿದೆ. ಒಂಟಿ ರೂಮು, ಸಂಜೆ ನಾಲ್ಕೂ ಕಾಲಿಗೇ ಕತ್ತಲು, ಮೊಬೈಲಿನಲ್ಲಿ ‘ಶ್ಯಾಡೋ ವರ್ಕ್’ ಅಂದರೆ ಮನಸ್ಸಿನ ಬಚ್ಚಿಟ್ಟ ಭಾಗವನ್ನು, ‘ನೆರಳ’ನ್ನು, ಎದುರಿಸುವ ವಿಡಿಯೊಗಳು, ಮೇಜಿನ ಮೇಲೆ ಕಪ್ಪು ಮೇಣದಬತ್ತಿ. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಕೆಲಸ, ಮನೆಯ ವಿವರ ಬದಲಾಯಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಮೂವತ್ತು ದಾಟಿದ ಯುವಕ. ಹಾಸನದ ಕಡೆಯವರು, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರ ಕೆಲಸ. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಆನ್‌ಲೈನ್ ಸಲಹೆಗೆ ಬಂದವರು. ಒಂದು ದಿನ ಮಾತಾಡುತ್ತಾ ಸ್ವೆಟರ್ ತೋಳು ಮೇಲಕ್ಕೆ ಸರಿಸಿದರು. ಮೊಣಕೈ ಕೆಳಗೆ ಸಾಲುಸಾಲಾಗಿ ತೆಳು ಕೆಂಪು ಬರೆಗಳು. ಏನದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರ್ಚ್ ಮರದ ಕಡ್ಡಿಗಳ ಒಂದು ಕಟ್ಟನ್ನು ಕ್ಯಾಮೆರಾಗೆ ಹಿಡಿದರು. “ಕ್ರಾಂಪಸ್‌ದು, ಮೇಡಂ.”

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆಸ್ಟ್ರಿಯಾ, ಬವೇರಿಯಾ, ಸ್ಲೊವೇನಿಯಾ, ಇಟಲಿಯ ದಕ್ಷಿಣ ಟಿರೋಲ್ ಕಡೆ ಡಿಸೆಂಬರ್ 5ರ ರಾತ್ರಿ ಕ್ರಾಂಪಸ್ ಬರುತ್ತಾನೆ. ಮರದಲ್ಲಿ ಕೆತ್ತಿದ ಮುಖವಾಡ, ಕೊಂಬು, ಆಡು ಕುರಿಗಳ ಚರ್ಮ, ಸೊಂಟಕ್ಕೆ ಕಟ್ಟಿದ ದೊಡ್ಡ ಗಂಟೆ, ಕೈಯಲ್ಲಿ ಬರ್ಚ್ ಕಡ್ಡಿ. ತಪ್ಪು ಮಾಡಿದ ಮಕ್ಕಳನ್ನು ಹೆದರಿಸುವವನು ಅವನು. ಚಳಿಗಾಲ ಪೂರ್ತಿ ಆ ಕಡೆ ಇಂಥವರು ಬೇಕಾದಷ್ಟಿದ್ದಾರೆ. ಜನವರಿ 5ರ ರಾತ್ರಿ ಪೆರ್ಖ್ಟಾ ಬರುತ್ತಾಳೆ. ನೂಲುವ ಕೆಲಸ ಮುಗಿದಿದೆಯಾ, ಮನೆ ಗುಡಿಸಿದೆಯಾ ಅಂತ ನೋಡುತ್ತಾಳೆ. ಮುಗಿಸಿದವರಿಗೆ ಬೆಳ್ಳಿ ನಾಣ್ಯ, ಸೋಮಾರಿಗಳಿಗೆ ಹೊಟ್ಟೆ ಸೀಳಿ ಹುಲ್ಲು ತುಂಬುವ ಶಿಕ್ಷೆ. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ ರಾತ್ರಿಗಳಿಗೆ ರಾವ್‌ನೆಖ್ಟೆ ಅನ್ನುತ್ತಾರೆ. ಮನೆಗೆಲ್ಲ ಧೂಪ ಹಾಕುತ್ತಾರೆ, ಹಗ್ಗದ ಮೇಲೆ ಬಟ್ಟೆ ಒಣಹಾಕುವುದಿಲ್ಲ.

ಇವತ್ತಿನ ರಿಚುವಲ್ ಮ್ಯಾಜಿಕ್ ಮಂದಿ, ಅಂದರೆ ವಿಧಿಪೂರ್ವಕವಾಗಿ ಶಕ್ತಿಗಳನ್ನು ಕರೆಯುವವರು, ಇವರನ್ನೆಲ್ಲ ಒಳಮನಸ್ಸಿನ ಕೆಲಸಕ್ಕೆ ಕರೆಯುತ್ತಾರೆ. ಮೇಣದಬತ್ತಿ ಹಚ್ಚು, ಕ್ರಾಂಪಸ್ ಹೆಸರು ಹಿಡಿದು ಕರೆ, ಒಂದು ಲೋಟ ಹೆಂಡ ಇಡು, ನಿನ್ನ ‘ನೆರಳು’ ತೋರಿಸು ಅಂತ ಕೇಳು, ಬಂದದ್ದನ್ನು ಬರೆದಿಡು. ನೆರಳು ಅನ್ನುವ ಮಾತು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರಿಂದ ಬಂದದ್ದು. ನಮ್ಮದಲ್ಲ ಅಂತ ನಾವೇ ದೂಡಿ, ಕೊನೆಗೆ ನಮಗೇ ಕಾಣದಂತೆ ಮಾಡಿಕೊಂಡ ಭಾಗ ಅದು.

ಈ ಯುವಕ ಕ್ರಾಂಪಸ್ ರಾತ್ರಿಯಂದು ಶುರು ಮಾಡಿದ್ದರು. ನನಗೆ ಕಡ್ಡಿ ತೋರಿಸಿದಾಗ ಜನವರಿ ಮುಗಿಯುತ್ತಾ ಬಂದಿತ್ತು. ಅಷ್ಟೂ ದಿನ, ರಾತ್ರಿ ಹನ್ನೆರಡಾದ ಮೇಲೆ ಒಬ್ಬರೇ ಕೂತು, ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ತಪ್ಪುಗಳನ್ನು ಬರೆಯುವುದು, ಆಮೇಲೆ ಹೊಡೆದುಕೊಳ್ಳುವುದು.

ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅಂತ ತುಂಬಾ ಜನ ಹೆದರುತ್ತಾರೆ, ಅದು ತಪ್ಪು, ಕೇಳಲೇಬೇಕು. ಇಲ್ಲ ಅಂದರು. ಯಾರಾದರೂ ಮಾತಾಡುವುದು ಕಿವಿಗೆ ಕೇಳುತ್ತಾ, ಹೊಡೆದುಕೋ ಅಂತ ಯಾರಾದರೂ ಹೇಳುತ್ತಾರಾ ಅಂತಲೂ ಕೇಳಿದೆ. ಅದೂ ಇಲ್ಲ. ಆಮೇಲೆ ಒಂದು ಪುಟ ಓದಿ ಅಂದೆ.

ಓದಿದರು. ಅಮ್ಮನ ಫೋನು ಎತ್ತಲಿಲ್ಲ. ಸಹೋದ್ಯೋಗಿ ಮಾಡಿದ ಕೆಲಸಕ್ಕೆ ಮೀಟಿಂಗಿನಲ್ಲಿ ತಾನೇ ಹೊಗಳಿಸಿಕೊಂಡೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ‘ಮುಂದಿನ ವಾರ ಬರ್ತೀನಿ’ ಅಂದೆ. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ, ಮಾತು ಮಾತ್ರ ಬೇರೆ. ಯಾವಾಗ ಮುಗಿಯುತ್ತೆ ಇದು ಅಂತ ಕೇಳಿದೆ. “ಗೊತ್ತಿಲ್ಲ. ಕ್ಷಮಿಸೋದು ಕ್ರಾಂಪಸ್ ಕೆಲಸ ಅಲ್ಲ ಮೇಡಂ” ಅಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. “ಹಾಗಾದ್ರೆ ಯಾರ ಕೆಲಸ? ನೀವು ಅಲ್ಲಿ ಯಾರ ಮನೆಗಾದ್ರೂ ಕ್ರಾಂಪಸ್ ಬಂದದ್ದು ನೋಡಿದೀರಾ? ಬಾಗಿಲು ತೆಗೆದಾಗಿಂದ ಹೇಳಿ.”

ನೋಡಿದ್ದರಂತೆ. ಮನೆ ಬಾಡಿಗೆಗೆ ಕೊಟ್ಟ ಅಜ್ಜಿಯ ಮೊಮ್ಮಕ್ಕಳಿಗಾಗಿ ಬಂದದ್ದು. ಮೊದಲು ಒಳಗೆ ಬಂದವರು ಸಂತ ನಿಕೋಲಸ್, ಮಕ್ಕಳಿಗೆ ಉಡುಗೊರೆ ತರುವ ಸಂತನ ವೇಷದವರು. ಬಿಷಪ್ಪರ ಉದ್ದ ಟೋಪಿ, ಕೋಲು. ಕ್ರಾಂಪಸ್‌ಗಳು ಬಾಗಿಲ ಹತ್ತಿರ ಸರಪಳಿ ಕುಲುಕುತ್ತಾ ನಿಂತಿದ್ದರು, ನಿಕೋಲಸ್ ಹೂಂ ಅನ್ನುವವರೆಗೆ ಹೊಸಿಲು ದಾಟಲಿಲ್ಲ. ನಿಕೋಲಸ್ ಪುಸ್ತಕ ತೆಗೆದು ಓದಿದರು. ಹುಡುಗಿ ತಮ್ಮನಿಗೆ ಶೂ ಲೇಸ್ ಕಟ್ಟಲು ಕಲಿಸಿದ್ದಾಳೆ, ಅದು ಒಳ್ಳೇದು. ಹಲ್ಲು ಉಜ್ಜಲು ಹಟ ಮಾಡುತ್ತಾಳೆ, ಅದು ಸರಿ ಅಲ್ಲ. ಹುಡುಗಿ ನಡುಗುತ್ತಲೇ ಒಂದು ಪದ್ಯ ಹೇಳಿದಳು. ಕಿತ್ತಳೆ, ಬೀಜಗಳು ಸಿಕ್ಕಿದವು. ಹೊರಟರು.

“ಪುಸ್ತಕ ಯಾರ ಕೈಯಲ್ಲಿತ್ತು?”

“ನಿಕೋಲಸ್ ಕೈಯಲ್ಲಿ.” ಅಷ್ಟು ಹೇಳಿ ತಮ್ಮ ನೋಟ್‌ಬುಕ್ ಕಡೆ ನೋಡಿದರು.

“ಅದರಲ್ಲಿ ಬರೆದುಕೊಟ್ಟವರು ಯಾರು?”

“ಮಕ್ಕಳ ಅಮ್ಮ. ಮೊದಲೇ ಚೀಟಿ ಕೊಟ್ಟಿದ್ರು.”

ಆ ಸೆಷನ್ನಿನ ಉಳಿದ ಹೊತ್ತೆಲ್ಲ ಇದರ ಮೇಲೇ ಹೋಯಿತು. ಆ ಊರಿನವರು ಕ್ರಾಂಪಸ್‌ನನ್ನು ಒಂಟಿಯಾಗಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವನಿಗೊಬ್ಬ ಯಜಮಾನ ಇದ್ದಾನೆ, ಬರುವ ದಿನ ಇದೆ, ಹೋಗುವ ಹೊತ್ತು ಇದೆ. ಪೆರ್ಖ್ಟಾಳ ಹೆಸರಿನ ಮೆರವಣಿಗೆಯಲ್ಲೂ ಹಾಗೇ, ಕುರೂಪದ ಮುಖವಾಡಗಳಿದ್ದರೆ ಚೆಲುವಿನ ವೇಷಗಳೂ ಇರುತ್ತವೆ. ಅಷ್ಟೇಕೆ, ಗಂಭೀರವಾಗಿ ರಿಚುವಲ್ ಮ್ಯಾಜಿಕ್ ಮಾಡುವವರೂ ಕರೆದದ್ದನ್ನು ಕಳಿಸಿಕೊಡುವ ವಿಧಿ ಮಾಡದೆ ಏಳುವುದಿಲ್ಲ. ಇವರು ನೋಡಿದ ವಿಡಿಯೊಗಳಲ್ಲಿ ಕರೆಯುವುದು ಮಾತ್ರ ಇತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಕಡ್ಡಿ ಕಟ್ಟು ಇವತ್ತೇ ಮನೆಯಜ್ಜಿಯ ಕೈಗೆ ಹೋಗಬೇಕು, ಯಾಕೆ ಅಂತಲೂ ಅವರಿಗೆ ಹೇಳಬೇಕು. ವಾರದೊಳಗೆ ಅಲ್ಲಿನ ಡಾಕ್ಟರನ್ನು ನೋಡಬೇಕು, ತೋಳು ತೋರಿಸಬೇಕು. ಚಳಿಗಾಲದ ಖಿನ್ನತೆ ಅನ್ನುವುದು 1984ರಿಂದ ವೈದ್ಯರು ಹೆಸರಿಟ್ಟು ಗುರುತಿಸಿರುವ ತೊಂದರೆ. ಅದಕ್ಕೆ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಅಳತೆ) ದೀಪದ ಮುಂದೆ ಕೂರುವ ಚಿಕಿತ್ಸೆ ಇದೆ, ಡಾಕ್ಟರನ್ನು ಕೇಳಿಯೇ ಮಾಡಬೇಕು. ರಾತ್ರಿ ಬರೆಯುವುದು ಪೂರ್ತಿ ನಿಲ್ಲಬೇಕು. ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು: ಅಪ್ಪನನ್ನು ಕೊನೆವರೆಗೂ ನೋಡಿಕೊಂಡ ಅಕ್ಕನಿಗೆ ಫೋನ್ ಮಾಡಿ, ‘ನಾನು ಏನು ಮಾಡಲಿಲ್ಲ, ನೀನೇ ಹೇಳು’ ಅಂತ ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು.

ಜೊತೆ ಕೆಲಸ ಮಾಡುವ ಕೆಲವರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮೈಮೇಲೆ ಬರೆ ಬಿದ್ದಿರುವಾಗ ದೆವ್ವದ ಕತೆಗೆ ತಾಳ ಹಾಕುವುದಾ, ಮೂಢನಂಬಿಕೆ ಬಿಡು ಅಂತ ಹೇಳಬೇಕಿತ್ತು ಅಂದರು. ಮನೆಯವರು ಇನ್ನೊಂದು ತುದಿ. ಯಾರೋ ಮಾಟ ಮಾಡಿಸಿದ್ದಾರೆ, ಶಾಂತಿ ಮಾಡಿಸೋಣ ಅನ್ನುತ್ತಿದ್ದರು. ನಾನು ಎರಡನ್ನೂ ಒಪ್ಪುವುದಿಲ್ಲ, ಇವತ್ತಿಗೂ. ಬೇರೆ ಯಾರ ಹತ್ತಿರವೂ ಹೇಳಲಾಗದ್ದನ್ನು ಆ ಮನುಷ್ಯ ಕ್ರಾಂಪಸ್ ಮುಂದೆ ಹೇಳುತ್ತಿದ್ದರು. ಅವನನ್ನು ಬೈದಿದ್ದರೆ ಅವರು ನನ್ನನ್ನು ಬಿಡುತ್ತಿದ್ದರು, ಕಡ್ಡಿಯನ್ನಲ್ಲ. ಹೊಡೆದುಕೊಳ್ಳುವುದನ್ನು ನಿಲ್ಲಿಸುವುದರಲ್ಲಿ ನಾನು ಒಂದಿಷ್ಟೂ ಸಡಿಲ ಬಿಡಲಿಲ್ಲ. ನಂಬಿಕೆಯನ್ನು ಮಾತ್ರ ಮುಟ್ಟಲಿಲ್ಲ, ಯಾಕೆಂದರೆ ಬಿಡುಗಡೆಯ ದಾರಿ ಆ ನಂಬಿಕೆಯ ಒಳಗೇ ಇತ್ತು.

ಅಕ್ಕನಿಗೆ ಫೋನ್ ಹೋಯಿತು. ಅವರು ಚೆನ್ನಾಗಿಯೇ ಬೈದರು. ಆಮೇಲೆ ಹೇಳಿದ್ದು ಇಷ್ಟು: ಆಸ್ಪತ್ರೆ ಬಿಲ್ಲಿಗೆ ನಾನು ಬಳೆ, ಸರ ಅಡವಿಟ್ಟೆ, ಇನ್ನೂ ಬಿಡಿಸಿಕೊಂಡಿಲ್ಲ, ಯಾರು ಕಟ್ಟಿದ್ದು ಅಂತ ನೀನು ಇಷ್ಟು ದಿನ ಒಂದು ಮಾತು ಕೇಳಲಿಲ್ಲ ಅಲ್ವಾ?

ಒಂದು ನೋಟ್‌ಬುಕ್ ತುಂಬ ತಪ್ಪು ಬರೆದವರ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಶ್ಯಾಡೋ ವರ್ಕ್ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಕನ್ನಡಿ ಇಲ್ಲದೆ ಬೆನ್ನು ಕಾಣುವುದಿಲ್ಲ. ಒಬ್ಬರೇ ಕೂತು ಬರೆದರೆ ನಿಮಗೆ ಮೊದಲೇ ಗೊತ್ತಿರುವುದೇ ಪುಟದ ಮೇಲೆ ಬರುತ್ತದೆ, ನಿಜವಾದ ನೆರಳು ನಿಮ್ಮ ಜೊತೆ ಬದುಕುವವರಿಗೆ ಗೊತ್ತಿರುತ್ತದೆ. ತನ್ನನ್ನೇ ಹೊಡೆದುಕೊಳ್ಳುವುದರಲ್ಲಿ ಇನ್ನೊಂದು ಮೋಸವೂ ಇದೆ. ಶಿಕ್ಷೆ ಆಯಿತು ಅನ್ನಿಸಿಬಿಡುತ್ತದೆ, ಬಳೆ ಮಾತ್ರ ಅಡವಿನಲ್ಲೇ ಇರುತ್ತದೆ. ಯೂಂಗ್ 1913ರಿಂದ ಕೆಲವು ವರ್ಷ ತಮ್ಮ ಒಳಗಿನ ಚಿತ್ರಗಳಿಗೆ ಎದುರಾಗಿ ಕೂತಾಗಲೂ ಹಗಲು ರೋಗಿಗಳನ್ನು ನೋಡುತ್ತಿದ್ದರು, ಹೆಂಡತಿ ಮಕ್ಕಳ ಜೊತೆ ಇದ್ದರು. ಆ ದಿನಗಳಲ್ಲಿ ತಮ್ಮನ್ನು ಹಿಡಿದು ನಿಲ್ಲಿಸಿದ್ದು ಅದೇ ಅಂತ ಅವರೇ ಹೇಳಿಕೊಂಡಿದ್ದಾರೆ.

ಈಗ ಇವರು ತಿಂಗಳು ತಿಂಗಳು ಅಕ್ಕನಿಗೆ ಹಣ ಕಳಿಸುತ್ತಾರೆ. ಬಳೆ ಬಿಡಿಸಿ ಆಗಿದೆ, ಸರ ಬಾಕಿ ಇದೆ. ಡಾಕ್ಟರು ಕೊಟ್ಟ ಔಷಧಿ ನಡೆಯುತ್ತಿದೆ, ನಿದ್ದೆ ಪರವಾಗಿಲ್ಲ. ಬರುವ ಚಳಿಗಾಲ ಏನಾದರೂ ಮಾಡಬಹುದಾ ಅಂತ ಕೇಳಿದರು. ಕ್ರಾಂಪಸ್‌ನನ್ನು ಊರ ಜೊತೆ ನಿಂತು ನೋಡಿ, ರೂಮಿಗೆ ಕರೆಯಬೇಡಿ ಅಂದೆ. ರಾವ್‌ನೆಖ್ಟೆ ಹೊತ್ತಿನಲ್ಲಿ ಅಲ್ಲಿ ಈಚೆಗೆ ರೂಢಿಗೆ ಬಂದಿರುವ ಹದಿಮೂರು ಚೀಟಿಯ ಪದ್ಧತಿಯನ್ನು ಬೇಕಾದರೆ ಮಾಡಲಿ. ಹದಿಮೂರು ಆಸೆ ಬರೆದು ಮಡಿಚಿಟ್ಟು, ದಿನಕ್ಕೊಂದು ಚೀಟಿ ನೋಡದೆ ಸುಟ್ಟು, ಕೊನೆಗೆ ಉಳಿದ ಒಂದನ್ನು ತೆರೆದು, ಆ ಕೆಲಸವನ್ನು ತಾವೇ ಮಾಡುವುದು. ಅದು ಜನವರಿ 6ಕ್ಕೆ ಮುಗಿಯುತ್ತದೆ, ನನಗೆ ಅದು ಮುಖ್ಯ.

ಓದುತ್ತಿರುವವರಲ್ಲಿ ಯಾರಿಗಾದರೂ ಕರೆದ ಶಕ್ತಿ ಕಿವಿಯಲ್ಲಿ ಮಾತಾಡುತ್ತಿದ್ದರೆ, ಇದನ್ನು ಮಾಡು ಅಂತ ಆಜ್ಞೆ ಕೊಡುತ್ತಿದ್ದರೆ, ಮೈಮೇಲೆ ಗಾಯ ಮಾಡಿಕೊಳ್ಳುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಈ ಯಾವ ಪದ್ಧತಿಯೂ ನಿಮಗಲ್ಲ. ಅಲ್ಲಿಗೇ ನಿಲ್ಲಿಸಿ, ಹತ್ತಿರದ ಒಬ್ಬರಿಗೆ ಹೇಳಿ, ಅವರ ಜೊತೆಗೇ ಡಾಕ್ಟರ ಹತ್ತಿರ ಹೋಗಿ. ಭಾರತದಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಯುರೋಪಿನಲ್ಲಿದ್ದರೆ ತುರ್ತಿಗೆ 112.