ಅಂಚೆಯ ಅಹವಾಲು ಸಂಸತ್ತು ಮುಟ್ಟಬೇಕಾದರೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳ್ಳಿಯ ಅಂಚೆ ಕಚೇರಿ, ಗ್ರಾಮೀಣ ಡಾಕ್ ಸೇವಕರು (ಹಳ್ಳಿಯ ಶಾಖಾ ಕಚೇರಿಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆಯ ಲೆಕ್ಕದಲ್ಲಿ ದುಡಿಯುವ, ಅಲ್ಲಿಯ ಪೋಸ್ಟ್‌ಮಾಸ್ಟರೂ ಸೇರಿದ ಖಾಯಮಲ್ಲದ ನೌಕರರು) ಮತ್ತು ಹೊಸ ಅಂಚೆ ಕಾಯ್ದೆಗೆ ಸಂಬಂಧಿಸಿದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಆರಕ್ಕೆ ಉತ್ತರ ಕೊಟ್ಟಿದ್ದೇವೆ.

ನಮ್ಮೂರಿನ ಪೋಸ್ಟ್‌ಮಾಸ್ಟರು ನಾಲ್ಕು ಗಂಟೆಯ ಸಂಬಳಕ್ಕೆ ಇಡೀ ದಿನ ದುಡಿಯುತ್ತಾರೆ. ಊರವರೆಲ್ಲ ಸೇರಿ ಶಾಸಕರಿಗೆ ಎರಡು ಸಲ ಮನವಿ ಕೊಟ್ಟೆವು. ‘ಸರ್ಕಾರದ ಗಮನಕ್ಕೆ ತರುತ್ತೇನೆ’ ಅಂದರು. ವರ್ಷವಾದರೂ ಸುದ್ದಿಯಿಲ್ಲ. ಎಲ್ಲಿ ತಪ್ಪಿದೆವು?
— ಶಿರಸಿ ತಾಲ್ಲೂಕಿನ ಓದುಗರು

ನೀವು ತಟ್ಟಿದ ಬಾಗಿಲೇ ಬೇರೆ. ಅಂಚೆ ಇರುವುದು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, 31ನೇ ನಮೂದಿನಲ್ಲಿ. ವಿಧಾನಸಭೆ ಹೆಚ್ಚೆಂದರೆ ಒಂದು ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು, ಅಷ್ಟೇ. ನಿಮಗೆ ಬೇಕಾದವರು ಸಂಸದರು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ.

ಸಂಸದರ ಹತ್ತಿರ ಹೋದರೂ ‘ಡಾಕ್ ಸೇವಕರಿಗೆ ನ್ಯಾಯ ಕೊಡಿಸಿ’ ಎಂದಷ್ಟೇ ಬರೆದರೆ ಆ ಕಾಗದದಿಂದ ಕೆಲಸ ಹುಟ್ಟುವುದಿಲ್ಲ. ಅವರು ಸದನದಲ್ಲಿ ಹಾಗೆಯೇ ಬಳಸುವಂಥ ಪ್ರಶ್ನೆಯನ್ನು ನೀವೇ ಸಿದ್ಧಮಾಡಿ ಕೊಡಬೇಕು. ಲೋಕಸಭೆಯ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಅದರಲ್ಲಿ ವಾದ, ವ್ಯಂಗ್ಯ, ಯಾರ ಮೇಲೂ ಆರೋಪ ಇರಬಾರದು. ಒಬ್ಬ ವ್ಯಕ್ತಿಯ ಪ್ರಕರಣವನ್ನು ಕೇಳಿದರೆ ತಿರಸ್ಕಾರವಾಗುತ್ತದೆ. ಆದ್ದರಿಂದ ನಿಮ್ಮ ಪೋಸ್ಟ್‌ಮಾಸ್ಟರ ಹೆಸರು ಬೇಡ, ಅಂಥವರೆಲ್ಲರ ಲೆಕ್ಕ ಕೇಳಿ. ಹೀಗೆ:

‘ಸಂವಹನ ಸಚಿವರು ತಿಳಿಸುವರೇ: (ಅ) ಕರ್ನಾಟಕ ಅಂಚೆ ವೃತ್ತದಲ್ಲಿ ಮಂಜೂರಾದ ಗ್ರಾಮೀಣ ಡಾಕ್ ಸೇವಕ ಹುದ್ದೆಗಳು ಎಷ್ಟು, ಖಾಲಿ ಎಷ್ಟು, ವಿಭಾಗವಾರು ವಿವರವೇನು, (ಆ) ಇವುಗಳಲ್ಲಿ ನಾಲ್ಕು ಗಂಟೆಯ ಹಂತದಲ್ಲಿರುವವು ಎಷ್ಟು, ಐದು ಗಂಟೆಯ ಹಂತದಲ್ಲಿರುವವು ಎಷ್ಟು, (ಇ) ಬ್ಯಾಂಕಿಂಗ್, ವಿಮೆ, ಪಾರ್ಸೆಲ್ ಕೆಲಸ ಸೇರಿದ ಮೇಲೆ ಈ ಹುದ್ದೆಗಳ ಕೆಲಸದ ಹೊರೆಯನ್ನು ಕಡೆಯ ಸಲ ಅಳೆದದ್ದು ಯಾವಾಗ, (ಈ) ಹಂತ ಏರಿಸಲು ಕೈಗೊಂಡ ಕ್ರಮವೇನು?’

ಇದರಲ್ಲಿ (ಇ) ಬಹಳ ಮುಖ್ಯ. 2018ರ ಜುಲೈ 1ರಿಂದ ಜಾರಿಯಾದ ಆದೇಶದಲ್ಲಿ ಶಾಖಾ ಪೋಸ್ಟ್‌ಮಾಸ್ಟರಿಗೆ ನಾಲ್ಕು ಗಂಟೆಗೆ ₹12,000, ಐದು ಗಂಟೆಗೆ ₹14,500 ಆರಂಭದ ಭತ್ಯೆ ನಿಗದಿಯಾಯಿತು. ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್ ಮತ್ತು ಡಾಕ್ ಸೇವಕರಿಗೆ ₹10,000 ಮತ್ತು ₹12,000. ತುಟ್ಟಿಭತ್ಯೆ ಬೇರೆ, ವರ್ಷಕ್ಕೆ ಶೇ 3 ಬಡ್ತಿ. ಅಂದರೆ ಸಂಬಳ ನಿಂತಿರುವುದು ಅಳತೆಯ ಮೇಲೆ. ಅಳತೆಯೇ ಹಳೆಯದಾದರೆ ದುಡಿಮೆ ಎಷ್ಟು ಹೆಚ್ಚಿದರೂ ಕಾಗದದಲ್ಲಿ ಕಾಣುವುದಿಲ್ಲ.

ಪ್ರಶ್ನೆಯ ಸೂಚನೆಯನ್ನು ಉತ್ತರದ ದಿನಕ್ಕಿಂತ ಕನಿಷ್ಠ 15 ಪೂರ್ಣ ದಿನ ಮೊದಲೇ ಕೊಟ್ಟಿರಬೇಕು. ಹಾಗಾಗಿ ಅಧಿವೇಶನ ಶುರುವಾದ ಮೇಲೆ ಮನವಿ ಹಿಡಿದು ಹೋದರೆ ತಡವಾಗುತ್ತದೆ. ದಿನಾಂಕ ಪ್ರಕಟವಾದ ವಾರದಲ್ಲೇ ಕೊಡಿ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ) ಪ್ರಶ್ನೆಗಳು 20, ಚುಕ್ಕೆ ರಹಿತವು 230 ಮಾತ್ರ ಬರುತ್ತವೆ, ಆಯ್ಕೆ ಚೀಟಿ ಎತ್ತಿ. ಒಬ್ಬರನ್ನೇ ನಂಬದೆ ಮೂರು ನಾಲ್ಕು ಸಂಸದರ ಕೈಯಲ್ಲಿ ಅದೇ ಪ್ರಶ್ನೆ ಹಾಕಿಸಿ. ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟು ಸೇರಿಸುತ್ತಾರೆ, ಸಿಗುವ ಸಾಧ್ಯತೆ ಹೆಚ್ಚುತ್ತದೆ. ಅಂಕಿ-ಅಂಶ ಬೇಕಿದ್ದರೆ ಚುಕ್ಕೆ ರಹಿತವೇ ಒಳ್ಳೆಯದು, ಉತ್ತರ ಲಿಖಿತವಾಗಿ ಬರುತ್ತದೆ.

ಉತ್ತರ ಬಂದ ಮೇಲೆ ಹೆಚ್ಚಿನವರು ಕೈಬಿಡುತ್ತಾರೆ. ಅಸಲು ಕೆಲಸ ಅಲ್ಲಿಂದ ಮುಂದೆ. ಸಚಿವರು ‘ವಿಷಯ ಪರಿಶೀಲನೆಯಲ್ಲಿದೆ’ ಅಥವಾ ‘ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು’ ಎಂದಿದ್ದರೆ ಅದು ಸಂಸದೀಯ ಲೆಕ್ಕದಲ್ಲಿ ಭರವಸೆ. ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಇಲಾಖೆ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಅವಧಿ ವಿಸ್ತರಣೆ ಕೇಳಬೇಕಾಗುತ್ತದೆ. ಉತ್ತರದ ಆ ಸಾಲಿಗೆ ಗೆರೆ ಎಳೆದು, ತಾರೀಕು ಬರೆದಿಟ್ಟು, ನೂರನೇ ದಿನ ಅದೇ ಸಂಸದರಿಗೆ ನೆನಪಿನ ಪತ್ರ ಕೊಡಿ.

ನಾನೇ ಡಾಕ್ ಸೇವಕ. ಸಂಸದರಿಗೆ ಪತ್ರ ಬರೆದರೆ ಕೆಲಸಕ್ಕೆ ಕುತ್ತೇ?
— ಸಿಂದಗಿಯ ಓದುಗರು

ನಿಮ್ಮ ವರ್ಗಾವಣೆ, ನಿಮ್ಮ ಶಿಸ್ತು ಕ್ರಮ, ನಿಮ್ಮ ಬಡ್ತಿಗಾಗಿ ಬರೆಯಬೇಡಿ. ಸ್ವಂತ ಸೇವಾ ವಿಷಯದಲ್ಲಿ ಮೇಲಧಿಕಾರಿಯ ಮೇಲೆ ರಾಜಕೀಯ ಪ್ರಭಾವ ತರಬಾರದೆಂಬ ಕಟ್ಟು ಡಾಕ್ ಸೇವಕರ ನಡತೆ ನಿಯಮಗಳಲ್ಲಿದೆ. ಇಲಾಖಾ ನೌಕರರಿಗೆ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 20ನೇ ನಿಯಮವೂ ಅದನ್ನೇ ಹೇಳುತ್ತದೆ. ನಿಮ್ಮ ಪರವಾಗಿ ಸಂಸದರು ಒಳ್ಳೆಯ ಮನಸ್ಸಿನಿಂದ ಬರೆದ ಪತ್ರವೇ ನಿಮ್ಮ ಮೇಲಿನ ನೋಟಿಸಿಗೆ ಆಧಾರವಾಗಬಹುದು.

ಎಲ್ಲರಿಗೂ ಸೇರಿದ ಬೇಡಿಕೆ ಬೇರೆ ಮಾತು. ಅದನ್ನು ಸಂಘದ ಲೆಟರ್‌ಹೆಡ್‌ನಲ್ಲಿ, ಪದಾಧಿಕಾರಿಗಳ ಸಹಿಯಲ್ಲಿ ಕೊಡಿ. ಇನ್ನೂ ಒಳ್ಳೆಯ ದಾರಿ ಎಂದರೆ ಪಿಂಚಣಿ ಪಡೆಯುವ ಅಜ್ಜಿ, ಉಳಿತಾಯ ಖಾತೆಯ ರೈತ, ಪುಸ್ತಕ ತರಿಸುವ ಮೇಷ್ಟ್ರು ಬರೆಯಲಿ. ಅವರಿಗೆ ಯಾವ ನಡತೆ ನಿಯಮವೂ ಅಡ್ಡ ಬರುವುದಿಲ್ಲ, ಸಂಸದರಿಗೆ ಅವರು ಮತದಾರರೂ ಹೌದು. ಕರಡನ್ನು ಕಚೇರಿಯ ಕಂಪ್ಯೂಟರಿನಲ್ಲಾಗಲಿ ಕೆಲಸದ ವೇಳೆಯಲ್ಲಾಗಲಿ ತಯಾರಿಸಬೇಡಿ.

ನಮ್ಮ ಶಾಖಾ ಅಂಚೆ ಕಚೇರಿಯನ್ನು ಪಕ್ಕದೂರಿಗೆ ಸೇರಿಸುತ್ತಾರೆಂಬ ಮಾತಿದೆ. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಸಹಿ ಸಂಗ್ರಹಿಸಿದ್ದೇವೆ. ಸಂಸತ್ತಿಗೇ ಅರ್ಜಿ ಕಳಿಸಬಹುದೇ? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?
— ತೀರ್ಥಹಳ್ಳಿಯ ಓದುಗರು

ಕಳಿಸಬಹುದು. ಆದರೆ ಮೊದಲು ಆ ಮಾತು ನಿಜವೇ ಎಂದು ಕಾಗದದಲ್ಲಿ ತಿಳಿದುಕೊಳ್ಳಿ. ₹10ರ ಪೋಸ್ಟಲ್ ಆರ್ಡರ್ ಲಗತ್ತಿಸಿ, ನಿಮ್ಮ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದನ್ನು ಕನ್ನಡದಲ್ಲೇ ಬರೆಯಲು ಕಾಯ್ದೆಯ 6ನೇ ಕಲಂ ಅವಕಾಶ ಕೊಟ್ಟಿದೆ. ಮೂರೇ ವಿಷಯ ಕೇಳಿ: ಈ ಕಚೇರಿಯ ಕಳೆದ ಮೂರು ವರ್ಷಗಳ ಆದಾಯ ಮತ್ತು ವೆಚ್ಚ, ಸೇರಿಸುವ ಪ್ರಸ್ತಾವದ ಕಡತದ ನಕಲು, ಹತ್ತಿರದ ಅಂಚೆ ಕಚೇರಿಗೆ ಇಲಾಖೆ ದಾಖಲಿಸಿರುವ ದೂರ.

ಈ ಮೂರೇ ಯಾಕೆಂದರೆ ಶಾಖಾ ಕಚೇರಿಯ ಅಳತೆಗೋಲು ಇವೇ. ಬಯಲು ಸೀಮೆಯಲ್ಲಿ ಹತ್ತಿರದ ಕಚೇರಿಯಿಂದ 3 ಕಿ.ಮೀ. ದೂರ, ಹಳ್ಳಿಗಳ ಗುಂಪಿಗೆ 3,000 ಜನಸಂಖ್ಯೆ, ವೆಚ್ಚದ ಮೂರನೇ ಒಂದು ಪಾಲಿನಷ್ಟು ಆದಾಯ. ಗುಡ್ಡಗಾಡು, ಬುಡಕಟ್ಟು, ಹಿಂದುಳಿದ ಪ್ರದೇಶವಾದರೆ ಒಂದೇ ಹಳ್ಳಿಗೆ 500 ಅಥವಾ ಗುಂಪಿಗೆ 1,500 ಜನ, ಶೇ 15 ಆದಾಯ ಸಾಕು. ಮಲೆನಾಡಿನ ಕಚೇರಿಯನ್ನು ಬಯಲು ಸೀಮೆಯ ಅಳತೆಗೆ ಹಿಡಿದಿದ್ದರೆ ನಿಮ್ಮ ವಾದ ಅರ್ಧ ಗೆದ್ದಂತೆ. ದೂರದ ವಿಷಯದಲ್ಲೂ ಎಚ್ಚರ ಬೇಕು: ನಕ್ಷೆಯಲ್ಲಿ ಎರಡೂವರೆ ಕಿ.ಮೀ. ಕಂಡರೂ ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಸುತ್ತಿ ಹೋಗುವ ದಾರಿ ಎಷ್ಟು ಎಂಬುದನ್ನು ಗ್ರಾಮಸಭೆಯ ನಿರ್ಣಯದಲ್ಲಿ ಬರೆಸಿ.

ಈಗ ಸಂಸತ್ತಿನ ಅರ್ಜಿ. ಸಾರ್ವಜನಿಕ ಹಿತದ ವಿಷಯದಲ್ಲಿ ಯಾರು ಬೇಕಾದರೂ ಲೋಕಸಭೆಗೆ ಅರ್ಜಿ ಸಲ್ಲಿಸಬಹುದು. ಅದು 15 ಸದಸ್ಯರ ಅರ್ಜಿಗಳ ಸಮಿತಿಗೆ ಹೋಗುತ್ತದೆ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಆ ಅನುವಾದಕ್ಕೂ ಅರ್ಜಿದಾರರ ಸಹಿ ಬೇಕು. ವಿಳಾಸ ‘ಲೋಕಸಭೆಗೆ’ ಎಂದಿರಲಿ, ಸಚಿವರ ಹೆಸರು ಬೇಡ. ಕೊನೆಯಲ್ಲಿ ನಿಮಗೆ ಬೇಕಾದದ್ದೇನು ಎಂಬ ಪ್ರಾರ್ಥನೆ ಸ್ಪಷ್ಟವಾಗಿರಬೇಕು. ಸದಸ್ಯರ ಮೂಲಕ ಮಂಡಿಸುವುದಾದರೆ ಅವರ ಮೇಲುರುಜು ಬೇಕು.

ಸಹಿಗಳ ವಿಷಯದಲ್ಲೇ ಹೆಚ್ಚಿನ ಅರ್ಜಿಗಳು ಎಡವುತ್ತವೆ. ಅರ್ಜಿಯ ಒಕ್ಕಣೆ ಇರುವ ಹಾಳೆಯಲ್ಲೇ ಕನಿಷ್ಠ ಒಬ್ಬರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಉಳಿದ ಸಹಿಗಳು ಬೇರೆ ಹಾಳೆಗಳಲ್ಲಿದ್ದರೆ ಪ್ರತಿ ಹಾಳೆಯ ತಲೆಯ ಮೇಲೂ ಪ್ರಾರ್ಥನೆಯನ್ನು ಮತ್ತೆ ಬರೆದಿರಬೇಕು. ‘ಸಹಿ ಸಂಗ್ರಹ ಅಭಿಯಾನ’ ಎಂಬ ತಲೆಬರಹ ಮಾತ್ರ ಇರುವ ಹಾಳೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮವು ಹಾಗಿದ್ದರೆ ಬೇಸರಿಸದೆ ಹೊಸ ಹಾಳೆಯಲ್ಲಿ ಮತ್ತೆ ಸಂಗ್ರಹಿಸಿ, ಕಡಿಮೆಯಾದರೂ ಸರಿ. ಫೋಟೊ, ಪತ್ರಿಕಾ ತುಣುಕು, ಪ್ರಮಾಣಪತ್ರ ಯಾವುದನ್ನೂ ಅರ್ಜಿಗೆ ಲಗತ್ತಿಸುವಂತಿಲ್ಲ. ನ್ಯಾಯಾಲಯದಲ್ಲಿರುವ ವಿಷಯವನ್ನು ತೆಗೆದುಕೊಳ್ಳುವುದಿಲ್ಲ. ಯಾರಾದರೂ ಹೈಕೋರ್ಟಿಗೆ ಹೋಗುವ ಆಲೋಚನೆಯಲ್ಲಿದ್ದರೆ ಯಾವುದು ಮೊದಲು ಎಂದು ಕೂತು ತೀರ್ಮಾನಿಸಿ.

1898ರ ಕಾಯ್ದೆ ಹೋಗಿ 2023ರ ಕಾಯ್ದೆ ಬಂತು. ಸಾಮಾನ್ಯರಿಗೆ ಇದರಿಂದ ಆದ ವ್ಯತ್ಯಾಸವೇನು?
— ಮೈಸೂರಿನ ನಿವೃತ್ತ ಅಂಚೆ ನೌಕರರು

2023ರ ಡಿಸೆಂಬರ್ 4ರಂದು ರಾಜ್ಯಸಭೆ, 18ರಂದು ಲೋಕಸಭೆ ಒಪ್ಪಿದವು. 2024ರ ಜೂನ್ 18ರಿಂದ ಜಾರಿ. ಪತ್ರ ಸಾಗಣೆಯಲ್ಲಿ ಸರ್ಕಾರಕ್ಕಿದ್ದ ಏಕಸ್ವಾಮ್ಯ ಹೋಯಿತು, ಅಂಚೆಚೀಟಿ ಹೊರಡಿಸುವ ಹಕ್ಕು ಉಳಿಯಿತು. ಪತ್ರ ತಡೆದು ನೋಡುವ ಅಧಿಕಾರದ 9ನೇ ಕಲಂ ಬಗ್ಗೆ ಸದನದಲ್ಲಿ ಸಾಕಷ್ಟು ಚರ್ಚೆಯಾಯಿತು.

ನಮ್ಮ ಅಭಿಪ್ರಾಯದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಬದಲಾವಣೆಯೇ ದೊಡ್ಡದು. ಹಳೆಯ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕಾರ್ಡು, ಇನ್‌ಲ್ಯಾಂಡ್, ಲಕೋಟೆಗಳ ಗರಿಷ್ಠ ದರ ಬರೆದಿತ್ತು. ಅದನ್ನು ಮೀರಿ ಏರಿಸಬೇಕಾದರೆ ಹಣಕಾಸು ಮಸೂದೆಯಲ್ಲಿ ತಂದು ಸಂಸತ್ತಿನ ಒಪ್ಪಿಗೆ ಪಡೆಯಬೇಕಿತ್ತು. ಐವತ್ತು ಪೈಸೆ ಕಾರ್ಡಿನ ಬೆಲೆಗೂ ಸದನದ ಮುದ್ರೆ ಬೇಕಿದ್ದ ಕಾಲ ಅದು. ಹೊಸ ಕಾಯ್ದೆಯಲ್ಲಿ ಆ ಅನುಸೂಚಿ ಇಲ್ಲ. ಯಾವ ಸೇವೆ ಇರಬೇಕು ಎಂಬುದು ನಿಯಮಕ್ಕೆ, ದರ ಎಷ್ಟು ಎಂಬುದು ಅಂಚೆ ಸೇವೆಗಳ ಮಹಾನಿರ್ದೇಶಕರಿಗೆ ಸೇರಿತು.

ಇದರ ಫಲ ಕನ್ನಡದ ಪ್ರಕಾಶಕರಿಗೆ ಆಗಲೇ ಗೊತ್ತಾಗಿದೆ. 2024ರ ಡಿಸೆಂಬರ್‌ನಲ್ಲಿ ಮುದ್ರಿತ ಪುಸ್ತಕಗಳ ರಿಯಾಯಿತಿ ರಿಜಿಸ್ಟರ್ಡ್ ಸೇವೆ ನಿಂತಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ ₹20, 5 ಕಿಲೋಗೆ ₹100, ತೆರಿಗೆ ಬೇರೆ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಇವು ಯಾವುದಕ್ಕೂ ಸದನದಲ್ಲಿ ಮತ ಹಾಕುವ ಪ್ರಸಂಗ ಬರಲಿಲ್ಲ.

ಆದ್ದರಿಂದ ಇನ್ನು ಮುಂದೆ ಕಣ್ಣಿಡಬೇಕಾದದ್ದು ರಾಜ್ಯಪತ್ರದ (ಗೆಜೆಟ್) ಮೇಲೆ. ಹೊಸ ನಿಯಮಗಳನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು. ಆ ಅವಧಿಯಲ್ಲಿ ಯಾವ ಸದಸ್ಯರಾದರೂ ತಿದ್ದುಪಡಿಯ ಅಥವಾ ರದ್ದತಿಯ ಸೂಚನೆ ಕೊಡಬಹುದು. ಈ ಅವಕಾಶವನ್ನು ಬಳಸುವವರು ಬಹಳ ಕಡಿಮೆ, ಯಾಕೆಂದರೆ ಹೊರಗಿನಿಂದ ಯಾರೂ ಕೇಳುವುದಿಲ್ಲ. ಇಂಥ ನಿಯಮಗಳನ್ನು ಪರಿಶೀಲಿಸುವ ಅಧೀನ ಶಾಸನ ಸಮಿತಿಗೂ ಬರೆಯಬಹುದು. ಬಜೆಟ್ ಮಂಡನೆಯ ನಂತರದ ವಿರಾಮದಲ್ಲಿ ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿ ಅಂಚೆ ಇಲಾಖೆಯ ಅನುದಾನ ಬೇಡಿಕೆಗಳನ್ನು ನೋಡುತ್ತದೆ. ಅದರ 31 ಸದಸ್ಯರಲ್ಲಿ ಕರ್ನಾಟಕದವರಿದ್ದಾರೆಯೇ ಎಂದು ಪ್ರತಿ ವರ್ಷ ಪಟ್ಟಿ ನೋಡಿ. ಇದ್ದರೆ ಫೆಬ್ರುವರಿ ಮೊದಲ ವಾರದಲ್ಲೇ ಎರಡು ಪುಟದ ಟಿಪ್ಪಣಿ ಅವರ ಕೈಗೆ ಮುಟ್ಟಿಸಿ.

ಡಾಕ್ ಸೇವಕರನ್ನು ಪೂರ್ಣ ಸರ್ಕಾರಿ ನೌಕರರೆಂದು ಘೋಷಿಸುವ ಖಾಸಗಿ ಮಸೂದೆ ತರಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲವೇ?
— ಗದಗದ ಓದುಗರು

ತರಿಸಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಖಾಸಗಿ ಸದಸ್ಯರ (ಸಚಿವರಲ್ಲದ ಸಂಸದರ) ಮಸೂದೆಯೊಂದು ಎರಡೂ ಸದನ ದಾಟಿ ಕಾಯ್ದೆಯಾದದ್ದು ಕಡೆಯ ಸಲ 1970ರಲ್ಲಿ. ಇನ್ನೊಂದು ತೊಡಕು ಸಂವಿಧಾನದ 117(3)ನೇ ವಿಧಿ: ಭಾರತದ ಸಂಚಿತ ನಿಧಿಯಿಂದ ವೆಚ್ಚ ತರುವ ಮಸೂದೆಯನ್ನು ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಸದನ ಅಂಗೀಕರಿಸುವಂತಿಲ್ಲ. ಪಿಂಚಣಿ, ಪೂರ್ಣ ವೇತನ ಎಂದರೆ ವೆಚ್ಚವೇ ತಾನೆ. ಕರಡು ಮಾಡುವವರು ಆರ್ಥಿಕ ಟಿಪ್ಪಣಿಯಲ್ಲಿ ಅಂದಾಜು ಖರ್ಚು ತೋರಿಸಲೇಬೇಕು.

ಕಾನೂನಿನ ನೆಲೆ ತೀರ ಬರಿದಲ್ಲ. 1977ರಲ್ಲಿ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಗ ‘ಇಲಾಖೇತರ’ ಎಂದು ಕರೆಯುತ್ತಿದ್ದ ಈ ನೌಕರರದ್ದು ನಾಗರಿಕ ಹುದ್ದೆ, ಅವರಿಗೆ (ವಿಚಾರಣೆಯಿಲ್ಲದೆ ವಜಾ ಮಾಡದಂತೆ) 311ನೇ ವಿಧಿಯ ರಕ್ಷಣೆ ಉಂಟು ಎಂದಿತು. ಆದರೂ ಅವರು ಖಾಯಂ ಸೇವೆಯ ಹೊರಗೇ ಉಳಿದರು. ಏಳನೇ ವೇತನ ಆಯೋಗವೂ ಒಳಗೆ ಸೇರಿಸಲಿಲ್ಲ. ಅವರ ಸಂಬಳ ನೋಡಲು ಪ್ರತಿ ಸಲ ಬೇರೆ ಸಮಿತಿ: ತಲ್ವಾರ್, ನಟರಾಜಮೂರ್ತಿ, ಕಮಲೇಶ್ ಚಂದ್ರ. ಕಮಲೇಶ್ ಚಂದ್ರ ಸಮಿತಿ 2016ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಸಚಿವ ಸಂಪುಟ ಒಪ್ಪಿದ್ದು 2018ರ ಜೂನ್ 6ರಂದು, ಮೇ 22ರಿಂದ ದೇಶದಾದ್ಯಂತ ಮುಷ್ಕರ ನಡೆದಿದ್ದಾಗ. 12, 24, 36 ವರ್ಷ ಸೇವೆಗೆ ವಾರ್ಷಿಕ ₹4,320, ₹5,520, ₹7,200 ಹೆಚ್ಚಳದ ಘೋಷಣೆಗೆ 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಮೂವತ್ತಾರು ವರ್ಷ ಬಿಸಿಲು ಮಳೆಯಲ್ಲಿ ಸೈಕಲ್ ತುಳಿದವರಿಗೆ ಸಿಗುವ ಆ ಕೊನೆಯ ಹೆಚ್ಚಳ ತಿಂಗಳಿಗೆ ₹600.

ಇವೆಲ್ಲ ಕಾರ್ಯಾಂಗದ ಆದೇಶಗಳು, ಕಾಯ್ದೆಯಲ್ಲ. ಹಾಗಾಗಿ ಮಸೂದೆಯ ಜೊತೆಗೇ ಸಣ್ಣದೊಂದು ಬೇಡಿಕೆಯನ್ನೂ ಇಡಿ: ಡಾಕ್ ಸೇವಕರ ವೇತನ ಪರಿಶೀಲನೆಯನ್ನು ಕೇಂದ್ರ ವೇತನ ಆಯೋಗದ ಕಾರ್ಯವ್ಯಾಪ್ತಿಗೇ ಸೇರಿಸಬೇಕು. ಇದಕ್ಕೆ ಕಾಯ್ದೆ ಬೇಡ, ಸಂಪುಟದ ಒಂದು ನಿರ್ಧಾರ ಸಾಕು. ಲೋಕಸಭೆಯಲ್ಲಿ 377ನೇ ನಿಯಮದಡಿ 250 ಪದಗಳಲ್ಲಿ ಇದನ್ನು ಎತ್ತಬಹುದು, ಸಚಿವಾಲಯದಿಂದ ಲಿಖಿತ ಉತ್ತರವೂ ಬರುತ್ತದೆ.

ನಾವಿರುವುದು ಡೊಂಬಿವಲಿಯಲ್ಲಿ, ತಾಯಿ ಇರುವುದು ವಿಜಯಪುರ ಜಿಲ್ಲೆಯಲ್ಲಿ. ಅಲ್ಲಿಯ ಅಂಚೆ ಕಚೇರಿ ಬಗ್ಗೆ ಇಲ್ಲಿಂದ ಬರೆಯಬಹುದೇ?
— ಮುಂಬೈ ಕನ್ನಡಿಗರು

ಧಾರಾಳವಾಗಿ. ಅಂಚೆ ಕೇಂದ್ರದ್ದಾದ್ದರಿಂದ ನಿಮ್ಮ ಕ್ಷೇತ್ರದ ಸಂಸದರೂ ಅದರ ಬಗ್ಗೆ ಸಚಿವರಿಗೆ ಬರೆಯಬಹುದು, ಸದನದಲ್ಲಿ ಕೇಳಬಹುದು. ಪತ್ರದಲ್ಲಿ ನಿಮ್ಮ ಮತದಾರ ವಿಳಾಸ, ತಾಯಿಯ ಊರಿನ ಪಿನ್‌ಕೋಡ್, ಶಾಖಾ ಕಚೇರಿಯ ಹೆಸರು, ಅದರ ಲೆಕ್ಕ ಸೇರುವ ಉಪ ಅಂಚೆ ಕಚೇರಿಯ ಹೆಸರು ನಾಲ್ಕೂ ಇರಲಿ. ಒಂದೇ ಹೆಸರಿನ ಹಳ್ಳಿಗಳು ಹಲವಿರುವುದರಿಂದ ಪಿನ್‌ಕೋಡ್ ಬಿಟ್ಟ ಪತ್ರ ಬೇರೆ ವಿಭಾಗಕ್ಕೆ ಹೋಗಿ ಕೂರುತ್ತದೆ. ಸಂಸದರ ಪತ್ರಕ್ಕೆ ಸಚಿವಾಲಯ 15 ದಿನದಲ್ಲಿ ಸ್ವೀಕೃತಿ, ಅದರ ಮುಂದಿನ 15 ದಿನದಲ್ಲಿ ಉತ್ತರ ಕೊಡಬೇಕೆಂಬ ಕಚೇರಿ ಪದ್ಧತಿಯಿದೆ. ತಿಂಗಳಾದ ಮೇಲೆ ಸಂಸದರ ಕಚೇರಿಗೆ ಫೋನ್ ಮಾಡಿ, ಅವರು ಕಳಿಸಿದ ಪತ್ರದ ಸಂಖ್ಯೆ ಮತ್ತು ತಾರೀಕು ಕೇಳಿ ಬರೆದುಕೊಳ್ಳಿ. ಅಂಚೆ ಅಧೀಕ್ಷಕರ ಕಚೇರಿಯಲ್ಲಿ ಆ ಸಂಖ್ಯೆ ಹೇಳಿದರೆ ಕಡತ ಸಿಗುತ್ತದೆ.