ಬಣ್ಣಕ್ಕಿಂತ ಮೊದಲು ನೀರಿನ ದಾರಿ ಹುಡುಕಿ

ವರ್ಷಗಟ್ಟಲೆ ಬೀಗ ಹಾಕಿದ್ದ ಮನೆ ಕೊಂಡಿದ್ದೀರಿ, ಗೋಡೆಯ ಬುಡದಲ್ಲಿ ಬಣ್ಣ ಉದುರುತ್ತಿದೆ, ಪುಟ್ಟಿ ಹಾಕಿ ಬಣ್ಣ ಹೊಡೆಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಡೆಸಬೇಡಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದು ಪತ್ತೆಯಾಗಲಿ. ತೇವ ನೆಲದಿಂದ ಸುಮಾರು 1 ಮೀಟರ್ ಎತ್ತರದೊಳಗೇ ನಿಂತು, ಬಿಳಿ ಉಪ್ಪು ಮೇಲೆದ್ದಿದ್ದರೆ ಅದು ಹೆಚ್ಚಾಗಿ ಅಡಿಪಾಯದಿಂದ ಏರಿದ್ದು. ಮೇಲಿನಿಂದ ಇಳಿದ ಕಲೆಯಾದರೆ ಸೂರು, ತಾರಸಿ, ಪೈಪು ನೋಡಿ. ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯಲ್ಲಿದೆ, ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯಲ್ಲಿದೆ.

ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ಗಾರೆ ತೇವವನ್ನು ಆವಿಯಾಗಲು ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆದು ಇನ್ನೂ ಮೇಲಕ್ಕೆ ಏರಿಸುತ್ತದೆ. ಮೇಸ್ತ್ರಿ ‘ಸಿಮೆಂಟೇ ಗಟ್ಟಿ’ ಎಂದರೂ ಒಪ್ಪಬೇಡಿ.

ವೈರಿಂಗ್ ಮಾತ್ರ ಕಾಯುವಂತಿಲ್ಲ. ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ಗೋಡೆಯೊಳಗಿನ ಹಳೆಯ ವೈರು ಜೀವಕ್ಕೇ ಅಪಾಯ. ನೀರು ಬರುವುದು ನಿಂತ ಮೇಲೂ ಗೋಡೆ ಒಣಗಲು ತಿಂಗಳುಗಳೇ ಬೇಕಾಗಬಹುದು, ಬಣ್ಣ ಆಮೇಲೆ.